ಹತ್ತನೇ ದಿನದ ಕಾಲು

ಫೆ. 5, ಬುಧವಾರ
ಕಾಲೇಜಿನ ಇನ್‌ಕ್ಯುಬೇಟರ್ ಇನ್ನೂ ರಿಪೇರಿಯಾಗಿಲ್ಲ. ಎಂಎಸ್ಸಿ ಪ್ರಾಜೆಕ್ಟು ಕ್ಯಾಲನೂರಿನಲ್ಲಿ, ನಮ್ಮ ಮನೆಯ ಹೇಂಟೆಯ ಹೊಟ್ಟೆಯಡಿ ನಡೆಯುತ್ತಿದೆ. ಶನಿವಾರ ಕಾವಿಗಿಟ್ಟದ್ದು ಹನ್ನೊಂದು ಮೊಟ್ಟೆ. ಗುರುತಿಗೆ ಅಜ್ಜಿಯೇ ಎಲ್ಲಕ್ಕೂ ಇದ್ದಿಲ ಗೆರೆ ಎಳೆದಿದ್ದಾಳೆ. ಕೈ ಪಳಗಲಿ ಅಂತ ಇವತ್ತು ಒಂದು ತೆಗೆದು ಒಡೆದೆ. ಹೇಂಟೆ ಕುಕ್ಕಿ ಬೆರಳೆಲ್ಲ ರಕ್ತ.

ಫೆ. 13
ಮೊನ್ನೆ ಹತ್ತನೇ ದಿನದ್ದು ತೆಗೆದೆ, ಇವತ್ತು ಹನ್ನೆರಡನೇ ದಿನದ್ದು. ಎರಡರೊಳಗಿನ ಭ್ರೂಣದ ಕಾಲನ್ನೂ ಬೇರೆಬೇರೆ ಬಾಟಲಿಯಲ್ಲಿ ಬಣ್ಣಕ್ಕೆ ಹಾಕಿದೆ. ಮೃದ್ವಸ್ಥಿಗೆ ನೀಲಿ, ಮೂಳೆಗೆ ಕೆಂಪು. ಕಾಲು ಮೊದಲು ಬರೀ ಮೃದ್ವಸ್ಥಿ. ಆಮೇಲೆ ಜೀವಕೋಶಗಳು ನಡುವಿನಿಂದ ಅದನ್ನು ಕರಗಿಸುತ್ತ ಹೋಗುತ್ತವೆ, ಮೂಳೆ ಬರುತ್ತದೆ. ಕರಗುವುದು ಯಾವ ದಿನ ಶುರು? ನನಗೆ ಬೇಕಾದದ್ದು ಅಷ್ಟೇ.

ಫೆ. 19, ಸಂಜೆ
ತಲೆ ಕೆಟ್ಟುಹೋಗಿದೆ. ಹತ್ತನೇ ದಿನದ್ದರಲ್ಲಿ ನಡುವಿನ ನೀಲಿ ಹೋಗಿದೆ. ಹನ್ನೆರಡನೇ ದಿನದ್ದು, ನಡುವೆ ತೆಳು ಕೆಂಪು ಬಿಟ್ಟರೆ, ತುದಿಯಿಂದ ತುದಿಗೆ ನೀಲಿ. ಚಿಕ್ಕದೂ ಹೌದು. ಕರಗಿದ್ದು ಮತ್ತೆ ಬೆಳೆಯುತ್ತದಾ? ಗೈಡ್ ಗಂಗಾಧರ್ ಸರ್ ಒಂದು ನಿಮಿಷ ನೋಡಿದರು ಅಷ್ಟೇ.

“ಬಾಟ್ಲಿ ಅದಲುಬದಲು ಮಾಡಿದೀಯ ಕಣಮ್ಮ. ಲೇಬಲ್ ಸರಿ ಮಾಡು. ಸೋಮವಾರ ವೈವಾ.”

ಬಾಟಲಿಯ ಮೇಲೆ ನನ್ನದೇ ಕೈಬರಹ. ಅದಲುಬದಲು ಆಗಿಲ್ಲ, ನನಗೆ ಗೊತ್ತು.

ಫೆ. 20
ಬದಲಾಯಿಸಿದೆ. ಹತ್ತು ಹನ್ನೆರಡಾಯಿತು, ಹನ್ನೆರಡು ಹತ್ತು. ‘ಹತ್ತನೇ ದಿನ ಮೃದ್ವಸ್ಥಿ ಪೂರ್ತಿ ಉಳಿದಿದೆ’ ಅಂತ ಬರೆದು ವರದಿಯನ್ನು ಬೈಂಡಿಂಗ್‌ಗೆ ಕೊಟ್ಟೆ. ಥೂ.

ಫೆ. 23, ಭಾನುವಾರ
ಮರಿಗಳಾಗಿವೆ. ಒಂಬತ್ತು. ಬುಟ್ಟಿಯಲ್ಲಿ ಇನ್ನೂ ಎರಡು ಮೊಟ್ಟೆ. ಹನ್ನೊಂದರಲ್ಲಿ ಮೂರು ತೆಗೆದರೆ ಉಳಿಯಬೇಕಾದ್ದು ಎಂಟು. ಅಜ್ಜಿಯನ್ನು ಕೇಳಿದೆ.

“ಕಾವಿಗಿಟ್ಟ ಮೊಟ್ಟೆ ಜೋಡಿ ಲೆಕ್ಕಕ್ಕೆ ಬರ್ಬಾರ್ದು ಕಣೇ. ನೀನು ಒಂದು ತೆಗೆದಾಗೆಲ್ಲ ನಾನೊಂದು ಇಟ್ಟೆ. ಗೆರೇನೂ ಎಳ್ದೆ.”

“ನಂಗೆ ಹೇಳ್ಬಾರ್ದಾ ಅಜ್ಜಿ?”

“ಅದ್ನೇನ್ ಹೇಳೋದು? ಎಲ್ರೂ ಮಾಡೋದೇ.”

ಒಂಬತ್ತು ಮರಿ ಅಂದರೆ ನಾನು ತೆಗೆದ ಮೂರರಲ್ಲಿ ಮೊದಲ ದಿನದವು ಎರಡೇ. ಐದನೇ ತಾರೀಖು ಅವಳಿಟ್ಟದ್ದನ್ನೇ ಹದಿಮೂರಕ್ಕೆ ತೆಗೆದಿದ್ದೇನೆ. ಅದಕ್ಕೆ ಎಂಟೇ ದಿನ. ಹತ್ತನೇ ದಿನದ್ದು ನಿಜವೇ ಆಗಿತ್ತು. ಕೈಗೆ ಸಿಕ್ಕಿದ್ದ ಒಂದೇ ಸರಿ ಉತ್ತರ, ಅದನ್ನೂ ನಾನೇ ಅಳಿಸಿ ಸುಳ್ಳು ಬರೆದೆ. ಅಜ್ಜಿಯ ಮೇಲೆ ರೇಗಲೂ ಮುಖವಿಲ್ಲ.

ಫೆ. 24, ಬೆಳಗ್ಗೆ 9.40
ವೈವಾ ರೂಮಿನ ಹೊರಗೆ. ಮೊದಲ ಹೆಸರು ನನ್ನದೇ. ಹೇಳಿದರೆ ಈ ಸೆಮಿಸ್ಟರ್ ಹೋಯಿತು. ಸರ್ ವರದಿ ತಿರುವಿ, “ನೋಡಿದ್ಯಾ, ಎಷ್ಟು ನೀಟಾಗಿ ಬಂದಿದೆ” ಅಂದರು. “ಸರ್, ಹತ್ತನೇ ದಿನದ್ದು...” ಅಂದೆ. “ಅದೆಲ್ಲ ಒಳಗೆ ಹೇಳಮ್ಮ.”

ಕರೆಯುತ್ತಿದ್ದಾರೆ. ಒಳಗೆ ಹೋದ ತಕ್ಷಣ, ಪರೀಕ್ಷಕರು ಏನು ಕೇಳುವುದಕ್ಕೂ ಮೊದಲೇ, ಲೇಬಲ್ ಬದಲಾಯಿಸಿದ್ದು ನಾನೇ ಅಂತ—