ಮಲಗುವ ಕೋಣೆಯ ಹೊರಗೋಡೆ

47, ವೆಟ್ಟನ್ ರಸ್ತೆ
ನವೆಂಬರ್ 9, ಭಾನುವಾರ

ಮಗಳು ಭಾವಿನಿಗೆ,

ಅಪ್ಪನ ಆಶೀರ್ವಾದಗಳು. ಜುಲೈನಲ್ಲಿ ಮಾತಿನ ಮಧ್ಯೆ ಫೋನ್ ಇಟ್ಟವಳು ಆಮೇಲೆ ಎತ್ತುತ್ತಲೇ ಇಲ್ಲ. ಕಾಗದವಾದರೆ ಅರ್ಧಕ್ಕೆ ಕತ್ತರಿಸಲಾಗುವುದಿಲ್ಲವೆಂದು ಬರೆಯುತ್ತಿದ್ದೇನೆ.

ಬೇಡವೆಂದರೂ ನೀನು ಮಲಗುವ ಕೋಣೆಯ ಬೂಷ್ಟಿನ ಬಗ್ಗೆ ನಗರಸಭೆಗೆ ಮತ್ತೆ ದೂರು ಕೊಟ್ಟೆ. ಕೌನ್ಸಿಲ್‌ನಿಂದ ಉತ್ತರ ಬಂದಿದೆ. ಗುರುವಾರ ಹನ್ನೊಂದಕ್ಕೆ ಮಿಸ್ ಪ್ರಿಚರ್ಡ್ ಎಂಬಾಕೆ ಗೋಡೆ ನೋಡಲು ಬರುತ್ತಾಳಂತೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷು ಅರ್ಧ ಮರೆತಿದೆ, ಉಳಿದರ್ಧದಲ್ಲಿ ಓದಿದೆ. ಬೂಷ್ಟಿಗೆ ‘ಹಜಾರ್ಡ್’, ಅಂದರೆ ಅಪಾಯ, ಎಂದು ಬರೆದಿದ್ದಾರೆ. ಗೋಡೆಯ ಮೇಲಿನ ಹೊಲಸಿಗೆ ಎಂಥ ಬಿರುದು! ನಮ್ಮ ಪ್ರೊಫೆಸರರಿಗೂ ಅಷ್ಟು ದೊಡ್ಡ ಬಿರುದು ಇರಲಿಲ್ಲ.

ಬಾಡಿಗೆ ಮನೆಗಳನ್ನು ಉದ್ಧಾರ ಮಾಡಲೆಂದೇ ಅವರಲ್ಲೊಂದು ಇಲಾಖೆ ಇದೆಯಂತೆ. ಮಾಲೀಕನಿಗೆ ನೋಟಿಸು ಕೊಡುತ್ತಾರಂತೆ, ಕೇಳದಿದ್ದರೆ ತಾವೇ ರಿಪೇರಿ ಮಾಡಿಸಿ ಅವನಿಂದ ವಸೂಲಿ ಮಾಡುತ್ತಾರಂತೆ. ಬರೀ ಅಂತೆ ಕಂತೆ. ಮೂರು ವರ್ಷದ ಹಿಂದೆ ನಿನ್ನ ಮೊದಲ ದೂರಿಗೆ ಅವರು ಕಳಿಸಿದ ಆ ಕೆಂಪು ಗಡ್ಡದವನು ಏನು ಕಡಿದು ಕಟ್ಟೆ ಹಾಕಿದ? ನಿನ್ನ ಅಮ್ಮ ಮಾಡಿದ ಚೇವಡಾ ಎರಡು ಬಟ್ಟಲು ತಿಂದ, ಮಸಾಲೆ ಚಹಾ ಹೊಗಳಿದ, ಮನೆ ಎಷ್ಟು ಘಮಘಮ ಎನ್ನುತ್ತಿದೆ ಎಂದ. ತೇವ ಅಳೆಯುವ ಯಂತ್ರ ಜೇಬಿನಲ್ಲಿತ್ತು. ಗೋಡೆಗೆ ಮುಟ್ಟಿಸಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು ಇಣುಕಿ, ತೊಂದರೆಯೇನೂ ಇಲ್ಲವೆಂದು ಬರೆದುಕೊಂಡು ಹೋದ. ಮರುವರ್ಷ ಅದೇ ಕೋಣೆಯಲ್ಲಿ ಕೆಮ್ಮಿ ಕೆಮ್ಮಿ ಕಾಂತಾ ಹೋದಳು. ಅಮ್ಮನನ್ನು ಕೊಂದವನು ಆ ಕುರುಡ ಎಂದು ನೀನು ಬೈದಾಗಲೆಲ್ಲ ನಾನೂ ದನಿಗೂಡಿಸಿದೆ.

ಇವತ್ತು ಬೆಳಿಗ್ಗೆ ರಣಛೋಡ್‌ಭಾಯಿ ಬಂದಿದ್ದ. ಹದಿನಾಲ್ಕು ಮನೆಗಳ ಮಾಲೀಕ, ಕೋಟಿನ ಗುಂಡಿ ಮಾತ್ರ ಬೇರೆ ಬೇರೆ ಬಣ್ಣದ್ದು. ಸೂರಿನಂಚಿನ ಒಡೆದ ಮಳೆನೀರಿನ ದೋಣಿ ನೋಡಲು ಒಂದು ದಿನ ತಲೆ ಎತ್ತದವನು ನೋಟಿಸಿನ ವಾಸನೆ ಹಿಡಿದು ಓಡಿ ಬಂದ. ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ.

“ಧನಸುಖಭಾಯಿ, ಭಾಭಿ ಇದ್ದಾಗ ಮನೆ ಎಷ್ಟು ಚೆಂದ ಇತ್ತು! ಗುರುವಾರದೊಳಗೆ ಒಂದ್ ಕೈ ಹೊಡೆದ್ಬಿಡಿ. ಹೊರಗಿನೋರ ಮುಂದೆ ನಮ್ಮವರ ಮರ್ಯಾದೆ ಹೋಗಬಾರದಲ್ವಾ?”

“ಮಳೆ ನೀರು ಗೋಡೆಯೊಳಗೇ ಇಳೀತಿದೆಯಲ್ಲಪ್ಪ,” ಎಂದೆ.

“ಇಂಗ್ಲೆಂಡಲ್ಲಿ ಮಳೆ ಬರದೆ ಇನ್ನೇನು ಬರತ್ತೆ ಭಾಯಿ? ಏರ್‌ಪೋರ್ಟಿಂದ ನಿಮ್ಮನ್ನ ಕರಕೊಂಡು ಬಂದಿದ್ದು ಯಾರು, ಮರೆತ್ರಾ?”

ಮರೆತಿಲ್ಲ. ಮರೆಯಲು ಬಿಟ್ಟರೆ ತಾನೆ? ಒಂದೇ ಊರಿನವನೆಂದು ಒಂದು ದಿನ ಕಾರು ತಂದ. ಆ ಒಂದು ಸವಾರಿಯ ಋಣಕ್ಕೆ ಮೂವತ್ತೊಂದು ವರ್ಷ ಅವನ ಬೂಷ್ಟು ಉಸಿರಾಡಿದ್ದೇವೆ. ನಮ್ಮವನ ಮೇಲೆ ಪರರ ಮುಂದೆ ದೂರು ಹೇಳಬಾರದು, ಮನೆಗೆ ಬಂದವರಿಗೆ ಕೊಳೆ ತೋರಿಸಬಾರದು ಎಂದು ನಮ್ಮ ಹಿರಿಯರು ಕಲಿಸಿದ್ದರು. ಹಿರಿಯರಿಗೇನು, ಅವರು ಬಿಸಿಲಿನ ಊರಲ್ಲಿ ಬದುಕಿ ಸತ್ತರು.

ಡಬ್ಬಿ ಮೆಟ್ಟಿಲ ಮೇಲಿದೆ. ಇನ್ನೂ ಮುಚ್ಚಳ ತೆಗೆದಿಲ್ಲ.

ನಿನ್ನ ಅಪ್ಪ,
ಧನಸುಖಲಾಲ್

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಕೆಂಪು ಗಡ್ಡದವನು ಕುರುಡನಲ್ಲ. ಅವನು ಬರುವ ಹಿಂದಿನ ದಿನ ಆ ಗೋಡೆಗೆ ಮೂರು ಸಲ ಬಣ್ಣ ಬಳಿದವನು ನಾನು. ಆಗಲೂ ಡಬ್ಬಿ ರಣಛೋಡ್‌ಭಾಯಿಯದೇ. ನಿನ್ನ ಅಮ್ಮ ಕೆಮ್ಮುತ್ತಲೇ ಏಣಿ ಹಿಡಿದಿದ್ದಳು. ಮುಗ್ಗು ವಾಸನೆ ಅಡಗಲೆಂದು ಬೆಳಿಗ್ಗೆ ಅವಳೇ ಅಗರಬತ್ತಿ ಹಚ್ಚಿದಳು. ಅವನು ಯಂತ್ರ ತೆಗೆದು ಗೋಡೆಯ ಹತ್ತಿರ ಹೋಗಿದ್ದ. ಬಣ್ಣ ಇನ್ನೂ ಹಸಿಯಾಗಿದೆ, ದಯವಿಟ್ಟು ಮುಟ್ಟಬೇಡಿ ಸರ್ ಎಂದು ನಾನೇ ತಡೆದೆ. ಆ ಒಂದು ವಾಕ್ಯಕ್ಕೆ ನನ್ನ ಕಾಲೇಜಿನ ಇಂಗ್ಲಿಷು ಚೆನ್ನಾಗಿ ಒದಗಿತು. ಭಾವಿನಿಗೆ ಹೇಳಬೇಡಿ ಎಂದು ಕಾಂತಾ ಆ ಸಂಜೆ ಕೇಳಿಕೊಂಡಳು. ಅವಳ ಮಾತು ಎಂದು ನೆಪ ಇಟ್ಟುಕೊಂಡು ನನ್ನ ಮಾನ ಉಳಿಸಿಕೊಂಡೆ. ಬೈಯಬೇಕಾದವನನ್ನು ಈಗಲಾದರೂ ಬೈಯಿ, ಆದರೆ ಬಂದು ಬೈಯಿ. ಆ ಮಿಸ್ ಪ್ರಿಚರ್ಡ್‌ಗೆ ಇದನ್ನೆಲ್ಲ ಹೇಳಲು ನನ್ನ ಇಂಗ್ಲಿಷು ಸಾಲದು. ಬೂಷ್ಟು ಪೂರ್ತಿ ಕಾಣಲೆಂದು ಬೀರುವನ್ನು ಗೋಡೆಯಿಂದ ಈಚೆಗೆ ಎಳೆದಿಟ್ಟಿದ್ದೇನೆ. ಗುರುವಾರ ಅಗರಬತ್ತಿ ಹಚ್ಚುವುದಿಲ್ಲ.