ಅವ್ವನ ಹತ್ತು ಬೆರಳು

ಸಂಪಗಾಂವ
ಜುಲೈ ೧೨, ೨೦೨೫

ಪ್ರೀತಿಯ ಸಂದೀಪಣ್ಣಾ,

ಹೇಗಿದ್ದೀಯಾ? ಫೌಂಡ್ರಿಯ ಕಾವಿಗೆ ಕೈಮೇಲೆ ಎದ್ದಿದ್ದ ಬೊಬ್ಬೆ ಮಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ನಿಂಗರಾಜನ ಲಾರಿ ನಾಳೆ ಕೊಲ್ಹಾಪುರಕ್ಕೆ ಹೊರಡುತ್ತದೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಫೋನ್ ಮಾಡಿದರೆ ಅವ್ವ ಪಕ್ಕದಲ್ಲೇ ಕುಳಿತಿರುತ್ತಾಳೆ.

ಅವ್ವನ ಬ್ಯಾಂಕ್ ಖಾತೆ ಬಂದ್ ಆಗಿ ಮೂರು ತಿಂಗಳಾಯಿತು. ಶಾಲೆಯ ಬಿಸಿಯೂಟದ ಪಗಾರ ಅಲ್ಲೇ ಸಿಕ್ಕಿಕೊಂಡಿದೆ. ಕೆವೈಸಿ ಆಗಬೇಕೆಂದರು, ಹೋದೆವು. ಆಧಾರ ಕಾರ್ಡಿನಲ್ಲಿ ಕಾಡವ್ವ, ಪಾಸ್‌ಬುಕ್ಕಿನಲ್ಲಿ ಕಾಳವ್ವ. ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ತನ್ನಿ ಎಂದರು, ತಂದೆವು. ಆಮೇಲೆ ಹೆಬ್ಬೆರಳು. ಇಪ್ಪತ್ತು ವರ್ಷ ಹಂಡೆ ತಿಕ್ಕಿದ ಕೈ ಅಣ್ಣಾ ಅದು. ಹತ್ತೂ ಬೆರಳು ಒತ್ತಿಸಿದರು, ಒಂದೂ ಹೊಂದಲಿಲ್ಲ. ಕೌಂಟರಿನ ಹುಡುಗಿ ಕೆಟ್ಟವಳಲ್ಲ, ಒದ್ದೆ ಬಟ್ಟೆ ಕೊಟ್ಟು ಮತ್ತೆ ಮತ್ತೆ ಒರೆಸಿಕೊಳ್ಳಲು ಹೇಳಿದಳು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗತೊಡಗಿದಾಗ ಅವ್ವ ತಿರುಗಿ ಮೆಲ್ಲಗೆ ಹೇಳಿದಳು: "ನಿಮ್ಮ ಮಕ್ಕಳಿಗೆ ದಿನಾ ಅನ್ನ ನೀಡಾಕಿ ನಾನ. ನಿಮಗೆಲ್ಲಾ ಗೊತ್ತೈತಿ. ಈ ಮಷಿನಿಗಷ್ಟ ಗೊತ್ತಿಲ್ಲ." ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ದಿನಕ್ಕೆ ಹತ್ತು ಸಲ ಪಿಶವಿ ಚೀಲ ಬಿಚ್ಚಿ, ಯಾವ ಕಾಗದ ಬಿಟ್ಟುಹೋಯಿತೋ ಎಂದು ನೋಡುತ್ತೇನೆ.

ನಿನ್ನೆ ಬೈಲಹೊಂಗಲದ ಆಧಾರ ಕೇಂದ್ರಕ್ಕೆ ಕರೆದೊಯ್ದಿದ್ದೆ. ಬೆರಳಿನ ಬದಲು ಕಣ್ಣಿನ ಫೋಟೋ ತೆಗೆದರು. ಎಡಗಣ್ಣು ಬಂತು, ಬಲಗಣ್ಣು ಮೂರು ಸಲ ತೆಗೆದರೂ ಬರಲಿಲ್ಲ. ಹೇಗೋ ಅರ್ಜಿ ಹೋಯಿತು. ಹದಿನೈದು ದಿನದಲ್ಲಿ ಖಾತೆ ತೆರೆಯಬಹುದಂತೆ.

ಅವ್ವ ಆಶೀರ್ವಾದ ತಿಳಿಸಿದ್ದಾಳೆ. ರೂಮಿನ ಗೆಳೆಯರಿಗೆಲ್ಲ ನನ್ನ ಜೈ ಭೀಮ್ ಹೇಳು.

ನಿನ್ನ ತಂಗಿ,
ಪ್ರಜ್ಞಾ

ತಾ.ಕ.: ಅವ್ವ ನೀರಿಗೆ ಹೋಗಿದ್ದಾಳೆ, ಬೇಗ ಬರೆದುಬಿಡುತ್ತೇನೆ. ಕೇಂದ್ರದವನು ಅವಳ ಎಡಗಣ್ಣು ಮುಚ್ಚಿ, ತನ್ನ ಕೈ ತೋರಿಸಿ, ಎಷ್ಟು ಬೆರಳೆಂದು ಕೇಳಿದ. ಅವ್ವ ಸುಮ್ಮನೆ ನಿಂತಳು. ಒಂದು ವರ್ಷದಿಂದ ಬಲಗಣ್ಣು ಕಾಣುತ್ತಿಲ್ಲ ಅಣ್ಣಾ, ಇನ್ನೊಂದೂ ಮಂಜು. ಅಂದಾಜಿನ ಮೇಲೆ ಅಡುಗೆ ಮಾಡುತ್ತಿದ್ದಾಳೆ. ಬಸ್ಸಿನಲ್ಲಿ ನನ್ನ ಕೈ ಹಿಡಿದು, "ಅಣ್ಣಗ ಹೇಳಬ್ಯಾಡ. ಸಾಲ್ಯಾಗ ಗೊತ್ತಾದ್ರ ಕೆಲಸ ಬಿಡಸ್ತಾರ" ಎಂದಳು. ಕೇಂದ್ರದಿಂದ ನೇರ ಕಣ್ಣಿನ ದವಾಖಾನೆಗೆ ಹೋಗಿ ತೋರಿಸಿದ್ದೆ. ಪೊರೆ ತೆಗೆದರೆ ಕಾಣುತ್ತದೆ, ತಡ ಮಾಡಬೇಡಿ ಎಂದಿದ್ದಾರೆ ಅಲ್ಲಿನ ಡಾಕ್ಟರು. ಗುರುವಾರ ಆಪರೇಶನ್. ನೀನು ಬಂದರಷ್ಟೇ ಒಪ್ಪುತ್ತಾಳೆ. ಬುಧವಾರವೇ ಬಾ. ಬಾಗಿಲಿಗೆ ಬಂದ ಕೂಡಲೇ ಮಾತಾಡು. ಸುಮ್ಮನೆ ನಿಂತರೆ ನೀನೆಂದು ಅವಳಿಗೆ ತಿಳಿಯುವುದಿಲ್ಲ.