ಸೋಮಪ್ಪ ಆಡಿದ ಮಾತು ಯಾರದು

ನವೆಂಬರ್ 18, 2024. ಸೋಮವಾರ. ಬೆಳಿಗ್ಗೆ 10.20, ರಾಮದುರ್ಗ ಸ್ಟ್ಯಾಂಡ್

ಮೊದಲ ಟ್ರಿಪ್ ಮುಗಿಯಿತು. ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ಇಲ್ಲಿಗೆ. ಅರ್ಧ ತಾಸು ಬಿಡುವು. ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದೇನೆ. ಟಿಕೆಟ್ ಮಷೀನು ಮಡಿಲಲ್ಲಿ ಬೆಚ್ಚಗಿದೆ.

ನವಿಲುತೀರ್ಥದ ಹತ್ತಿರ ಇವತ್ತು ಮಂಜು. ಡ್ಯಾಮಿನ ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು — ತಿಳಿಯಲೇ ಇಲ್ಲ. ಬಸ್ಸು ನೀರಿನ ಮೇಲೆಯೇ ತೇಲುತ್ತ ಹೋದ ಹಾಗೆ. ಐವತ್ತು ಜನ ಇದ್ದರು, ಒಬ್ಬರೂ ಮಾತಾಡಲಿಲ್ಲ. ಆಧಾರ್ ತೋರಿಸಿ ಅನ್ನಲು ನನಗೂ ಮನಸ್ಸಾಗಲಿಲ್ಲ.

ಕಥೆ ಮುಂದೆ ಹೋಗುತ್ತಿಲ್ಲ. ನನ್ನ ಗಂಡ ಮಾಂತೇಶ ತೀರಿಕೊಂಡು ಆರು ವರ್ಷ. ಆಗ ಮಗಳು ಶೀತಲ್‌ಗೆ ಎಂಟು. ಅಪ್ಪ ಹೇಗಿದ್ದರು ಅಂತ ಅವಳು ಓದಬೇಕು, ಅದಕ್ಕೇ ಬರೆಯಲು ಹಿಡಿದದ್ದು. ನಿಜವಾದ ಹೆಸರು ಬರೆದು ಹೊಡೆದು ಹಾಕಿದೆ. ಸೋಮಪ್ಪ ಅಂತ ಇಟ್ಟಿದ್ದೇನೆ. ಎರಡು ಪುಟ ಆಗಿದೆ. 'ಸೋಮಪ್ಪ ಒಳ್ಳೆಯವನು. ಮೃದು ಸ್ವಭಾವ. ಕಷ್ಟಜೀವಿ.' ಓದಿದರೆ ಸರ್ಕಲ್‌ನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸ್ ಓದಿದಂತೆ.

ನವೆಂಬರ್ 24, ರವಿವಾರ. ಸಂಜೆ

ಕಿತ್ತೂರಿಗೆ ಹೋಗಿದ್ದೆ. ವಿರೂಪಾಕ್ಷ ಸರ್ ಹೈಸ್ಕೂಲಿನಿಂದ ರಿಟೈರ್ ಆದ ಮೇಲೆ ತಿಂಗಳಿಗೊಮ್ಮೆ ಕಥೆ ಬರೆಯುವವರನ್ನು ಮನೆಗೆ ಕರೆಯುತ್ತಾರೆ. ನಾವು ಆರು ಜನ. ನನ್ನ ಎರಡು ಪುಟ ಓದಿದೆ.

"ಮಹಾನಂದಾ, ಇವೆಲ್ಲಾ ನೀವು ಹೇಳೀರಿ. ಸೋಮಪ್ಪ ಎಲ್ಲಿ ಅದಾನ?"

"ಇಲ್ಲೇ ಅದಾನಲ್ರಿ ಸರ್."

"ಇಲ್ಲ. ನನಗ ಅಂವನ ದನಿ ಕೇಳಸಲಿಲ್ಲ. ಒಳ್ಳೆಯವ ಅಂತ ನೀವ ಅನಬ್ಯಾಡ್ರಿ. ಅಂವ ಏನ್ ಅಂದ, ಏನ್ ಮಾಡಿದ — ಅಷ್ಟ ಬರೀರಿ. ಒಳ್ಳೆಯವ ಹೌದೋ ಅಲ್ಲೋ, ಓದಾವ್ರು ನೋಡ್ಕೋತಾರ."

ವಾಪಸ್ ಬರುವಾಗ ಕಿಟಕಿ ಪಕ್ಕ ಕೂತು ನೆನಪು ಮಾಡಿಕೊಂಡೆ. ಮಾಂತೇಶ ಏನೇನು ಅನ್ನುತ್ತಿದ್ದರು? 'ನೀರ ಕೊಡು.' 'ಕರೆಂಟ್ ಬಂತೇನ?' ನನಗೆ ಕಂಡಕ್ಟರ್ ಕೆಲಸದ ಆರ್ಡರ್ ಬಂದಾಗ, 'ಹೋಗಂಗಿದ್ರ ಹೋಗು.' ಹನ್ನೊಂದು ವರ್ಷದ ಸಂಸಾರ. ಮೂರು ಮಾತು. ಊರು ಬರುವ ತನಕ ಹುಡುಕಿದೆ, ನಾಲ್ಕನೆಯದು ಸಿಗಲಿಲ್ಲ. ಹೆದರಿಕೆ ಆಯಿತು.

ಡಿಸೆಂಬರ್ 4, ಬುಧವಾರ

ಸಿರಸಂಗಿ ದಾಟಿದ ಮೇಲೆ ಜೋಳದ ಹೊಲದ ಬದುವಿನಲ್ಲಿ ಒಬ್ಬ ಮುದುಕಿ ಓಡಿ ಬರುತ್ತಿದ್ದಳು. ತಲೆ ಮೇಲೆ ಗಂಟು, ಕೈಯಲ್ಲಿ ಚಪ್ಪಲಿ. ಅಲ್ಲಿ ಸ್ಟಾಪಿಲ್ಲ. ಶಿವಲಿಂಗ ಅವರು ಬಸ್ಸು ನಿಲ್ಲಿಸಿಯೇಬಿಟ್ಟರು. ಎರಡು ವರ್ಷದಿಂದ ಈ ರೂಟಿನಲ್ಲಿ ಅವರೇ ಡ್ರೈವರ್. ಕಿಟಕಿಯಿಂದ ತಲೆ ಹೊರಗೆ ಹಾಕಿ ಅಂದರು:

"ಸಾವಕಾಶ ಬಾರವಾ. ದಾರಿ ಎಲ್ಲಿ ಓಡಿ ಹೋಕ್ಕೈತಿ?"

ಹಿಂದೆ ಯಾರೋ ಗೊಣಗಿದರು, ಟೈಮ್ ಆತು ಅಂತ. ಅವರು ತಿರುಗಿ ಕೂಡ ನೋಡಲಿಲ್ಲ. ಮುದುಕಿ ಮೆಟ್ಟಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುವವರೆಗೂ ಕಾದರು.

ಸಂಜೆ ಬರೆಯಲು ಕೂತೆ. ಒಂದೇ ಉಸಿರಿಗೆ ಎರಡು ಪುಟ! ಸೋಮಪ್ಪ ಮಾತಾಡತೊಡಗಿದ್ದಾನೆ. ಎತ್ತಿನ ಗಾಡಿ ನಿಲ್ಲಿಸಿ ಒಬ್ಬ ಮುದುಕಿಯನ್ನು ಹತ್ತಿಸಿಕೊಳ್ಳುತ್ತಾನೆ.

ಡಿಸೆಂಬರ್ 11, ಬುಧವಾರ. ರಾಮದುರ್ಗ

ಗಂಟಲು ಕಟ್ಟಿದೆ. ದನಿಯೇ ಇಲ್ಲ. ಬೆಳಿಗ್ಗೆ ಡಿಪೋದಲ್ಲಿ ಸನ್ನೆ ಮಾಡಿ ತೋರಿಸಿದೆ. ಶಿವಲಿಂಗ ಅವರು ತಲೆಯಾಡಿಸಿದರು, ಅಷ್ಟೇ. ಮುಂದೆ ಒಂದೊಂದು ಸ್ಟಾಪಿಗೂ ಸ್ಟೇರಿಂಗ್ ಹಿಡಿದುಕೊಂಡೇ ಕೂಗಿದರು.

"ಯಾರ್ರಿ ಮುನವಳ್ಳಿ ಇಳ್ಯಾವ್ರು! ಲಗೂನ ಮುಂದ ಬರ್ರಿ!"

ಇಲ್ಲಿ ಇಳಿದ ಮೇಲೆ ಬಿಸಿನೀರು ತಂದಿಟ್ಟರು. "ಇವತ್ತ ಒಂದಿನ ನಿಮ್ಮ ದನಿ ನನ್ನ ಕಡೆ ಇರಲಿ ಮೇಡಮ್ಮಾರ. ನಾಳಿ ವಾಪಸ್ ಕೊಡತೇನಿ."

ನಗಲೂ ದನಿ ಬರಲಿಲ್ಲ. ಅವರ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಂತೆ. ಮಕ್ಕಳಿಲ್ಲ. ಸವದತ್ತಿಯಲ್ಲಿ ಅಣ್ಣನ ಮನೆಯಲ್ಲಿ ಇರುತ್ತಾರೆ. ಇದು ಅವರು ಹೇಳಿದ್ದಲ್ಲ, ಡಿಪೋದಲ್ಲಿ ಕೇಳಿದ್ದು.

ಸೋಮಪ್ಪನ ಹೆಂಡತಿಗೆ ಇವತ್ತು ಜ್ವರ ಬಂದಿದೆ, ಕಥೆಯಲ್ಲಿ.

ಡಿಸೆಂಬರ್ 22, ರವಿವಾರ

ಕಿತ್ತೂರು. ಆರು ಪುಟವನ್ನೂ ಓದಿದೆ. ಸರ್ ಕನ್ನಡಕ ತೆಗೆದು ಒರೆಸಿದರು.

"ಛಲೋ ಆಗೇತಿ. ಆದ್ರ ಒಂದ್ ಮಾತು. ಮದಲಿನ ಎರಡ ಪೇಜಿನ್ಯಾಗ ಇರಾಂವ ಬ್ಯಾರೆ, ಮುಂದ ಬರಾಂವ ಬ್ಯಾರೆ. ಇದರಾಗ ಇಬ್ಬರು ಗಂಡಸರು ಅದಾರ."

"ಇಲ್ರಿ ಸರ್. ಒಬ್ಬಾಂವನ."

"ಬರದಾವ್ರು ಸುಳ್ಳ ಹೇಳಬಹುದವಾ. ಅವರ ಬರದ ಮಾತು ಸುಳ್ಳ ಹೇಳಾಂಗಿಲ್ಲ."

ಬೇರೆಯವರು ನಕ್ಕರು. ನಾನೂ ನಕ್ಕೆ. ಸ್ಟ್ಯಾಂಡಿಗೆ ಬಂದು ಬೆಂಚಿನ ಮೇಲೆ ಕೂತೆ. ಬೈಲಹೊಂಗಲದ ಎರಡು ಬಸ್ಸು ಬಂದು ಹೋದವು. ಹತ್ತಲಿಲ್ಲ. ಹೈವೇ ಮೇಲೆ ಲಾರಿಗಳ ಸದ್ದು, ದೂರದ ನೀರಿನ ಹಾಗೆ. ಗಂಡನ ಬಾಯಲ್ಲಿ ಯಾರ ಮಾತು ಇಟ್ಟಿದ್ದೇನೆಂದು ಗೊತ್ತಾಯಿತು. ಮೊದಲೇ ಗೊತ್ತಿತ್ತೋ ಏನೋ.

ಈ ನೋಟ್‌ಬುಕ್ ಇನ್ನು ಸಾಕು.

ಜನವರಿ 9, 2025. ಗುರುವಾರ. ಸಂಜೆ 6

ಹದಿನೆಂಟು ದಿನ ಒಂದಕ್ಷರ ಬರೆದಿಲ್ಲ. ಇವತ್ತು ಬರೆಯದಿದ್ದರೆ ಆಗದು.

ಡ್ಯೂಟಿ ಮುಗಿಸಿ ಬಂದೆ. ಬಾಗಿಲ ಹೊರಗೇ ಶೀತಲ್ ದನಿ ಕೇಳಿತು. ಕಥೆಯ ಹಾಳೆಗಳನ್ನು ಜೋಳದ ಡಬ್ಬಿಯ ಹಿಂದೆ ಇಟ್ಟಿದ್ದೆ, ಹುಡುಕಿ ತೆಗೆದಿದ್ದಾಳೆ. ಅತ್ತೆಗೆ ಓದಿ ಹೇಳುತ್ತಿದ್ದಳು. ಹೊಸ್ತಿಲ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತೆ. ನನ್ನ ವಾಕ್ಯಗಳು ಮಗಳ ಬಾಯಲ್ಲಿ ಯಾರೋ ಕಂಡ ಕನಸಿನ ಹಾಗೆ ಕೇಳುತ್ತಿದ್ದವು. ಓದಿ ಮುಗಿಯಿತು. ಅತ್ತೆ ಅಂದರು:

"ಇಂವ ನನ್ನ ಮಗಾ ಅಲ್ಲ."

ಒಳಗೆ ಹೋದೆ. ಶೀತಲ್ ಹಾಳೆ ನೆಲಕ್ಕಿಟ್ಟು, ನನ್ನ ಮುಖ ನೋಡದೆ ಕೋಣೆಗೆ ಹೋದಳು. ಅತ್ತೆ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಕೈ ನಿಲ್ಲಲಿಲ್ಲ.

"ಮಾಂತೇಶ ಇಷ್ಟ ಮಾತಾಡತಿದ್ದಿಲ್ಲ. ಅಂವಂದು ಒಂದ ಹೇಳತೇನಿ ಕೇಳ. ನಿನ್ನ ಮದಲ್ನೇ ಡ್ಯೂಟಿ ಹಿಂದಿನ ದಿನಾ, ನಿನ್ನ ಖಾಕಿ ಅಂಗಿ ಇಸ್ತ್ರಿ ಮಾಡಾಕ ಹೋಗಿ ಕಾಲರ್ ಸುಟ್ಟಾ. ಮೋಟರ್ ರಿಪೇರಿ ಮಾಡೂ ಕೈ, ಇಸ್ತ್ರಿ ಅಂವಗೇನ ಗೊತ್ತ? ಹೆದರಿ ನನ್ನ ಕಡೆ ಬಂದಾ. 'ಯವ್ವಾ, ಅಕಿಗೆ ಹೇಳಬ್ಯಾಡ' ಅಂದಾ. ಸೈಕಲ್ ಹತ್ತಿ ಪ್ಯಾಟಿಗೆ ಹೋಗಿ ಅಂತಾದ್ದ ಇನ್ನೊಂದ ತಂದಾ. ಇದನ್ನ ಬರಿ. ಇಂವ ನನ್ನ ಮಗಾ."

ನನಗೆ ಗೊತ್ತೇ ಇರಲಿಲ್ಲ. ಅವತ್ತು ಆ ಅಂಗಿ ಹಾಕಿಕೊಂಡು ಹೊರಟಾಗ ಮಾಂತೇಶ ಜಗಲಿ ಮೇಲೆ ಕೂತು ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದರು. ಏನ್ರಿ ಅಂದದ್ದಕ್ಕೆ ಏನಿಲ್ಲ ಅಂದಿದ್ದರು.

ಅತ್ತೆ ಹೊಟ್ಟು ಊದಿದರು. "ಮತ್ತ, ಆ ಇನ್ನೊಬ್ಬಾಂವ ಯಾರು?"

ನಾನು ನೆಲದ ಮೇಲಿನ ಹಾಳೆ ಒಂದೊಂದಾಗಿ ಎತ್ತಿಕೊಂಡೆ. ಅವರೇ ಮುಂದುವರಿಸಿದರು.

"ನಮ್ಮ ಚಿಗವ್ವ ಗಂಡ ಸತ್ತಮ್ಯಾಗ ಉಡಕಿ ಆಗಿ ಎರಡ್ನೇ ಗಂಡನ ಮನಿ ಮಾಡಿದ್ಲು. ಊರೆಲ್ಲಾ ಮಾತಾಡಿತು. ಅದಕ್ಕ ಯಾರೂ ಸಾಯಲಿಲ್ಲ. ಹೋಗ, ಮಾರಿ ತೊಳ್ಕೋ."

ಜನವರಿ 12, ರವಿವಾರ

ಮಾಂತೇಶರ ಕಥೆ ಮುಗಿಸಿದೆ. ಒಂದೇ ಪುಟ. ಸುಟ್ಟ ಕಾಲರು, ಸೈಕಲ್ಲು, ಒಂದು ಮಾತು. 'ಒಳ್ಳೆಯವನು' ಅಂತ ಎಲ್ಲಿಯೂ ಇಲ್ಲ. ಶೀತಲ್‌ಗೆ ಕೊಟ್ಟೆ. ಓದಿ, ಮಡಚಿ, ತನ್ನ ಕಂಪಾಸ್ ಡಬ್ಬಿಯೊಳಗೆ ಇಟ್ಟುಕೊಂಡಳು.

ಆ ಉಳಿದ ನಾಲ್ಕು ಪುಟ ಬೇರೆ ಇಟ್ಟಿದ್ದೇನೆ.

ಜನವರಿ 21, ಮಂಗಳವಾರ

ಡಿಪೋ ಬೋರ್ಡಿನಲ್ಲಿ ಹಾಕಿದ್ದಾರೆ. ಫೆಬ್ರುವರಿ ಒಂದರಿಂದ ಶಿವಲಿಂಗ ಅವರಿಗೆ ರಾಮದುರ್ಗ ಡಿಪೋಗೆ ವರ್ಗ. ಸ್ವಂತ ಕೋರಿಕೆ ಮೇರೆಗೆ. ಆ ಮೂರು ಶಬ್ದ ಎಷ್ಟು ಸಲ ಓದಿದೆನೋ.

ಸವದತ್ತಿ ಸ್ಟ್ಯಾಂಡಿನಲ್ಲಿ, ಜನ ಇಳಿದ ಮೇಲೆ ಕೇಳಿಯೇಬಿಟ್ಟೆ.

"ನೀವ ಬರದ ಕೊಟ್ಟೀರೇನ್ರಿ?"

"ಹೌದ್ರಿ."

"ಯಾಕ?"

ಗಾಜು ಒರೆಸುತ್ತ ನಿಂತರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಡಿಪೋದಾಗ ಜನಾ ಮಾತಾಡಾಕ ಹತ್ಯಾರ್ರಿ. ನಿಮಗ ಬೆಳದ ಮಗಳ ಅದಾಳ."

"ಜನದ ಮಾತ ಕೇಳಿದ್ರಿ. ನನ್ನ ಮಾತ ಕೇಳಲಿಲ್ಲ."

ಇದನ್ನು ನಾನೇ ಅಂದೆನೇ? ಅಂದದ್ದು ಹೌದು. ಸೀಟಿ ಊದಿ ಬಸ್ಸಿನ ಒಳಗೆ ಹೋದೆ, ಇನ್ನೂ ಯಾರೂ ಹತ್ತಿರಲಿಲ್ಲ.

ಜನವರಿ 22, ಬುಧವಾರ

ಡ್ಯಾಮಿನ ನೀರಿನ ಮೇಲೆ ಬಿಸಿಲು, ಬಸ್ಸಿನ ಛಾವಣಿಯ ತುಂಬ ಅಲುಗುವ ಬೆಳಕು. ಕೊನೆ ಟ್ರಿಪ್. ಬೈಲಹೊಂಗಲದಲ್ಲಿ ಎಲ್ಲರೂ ಇಳಿದರು. ಅವರು ಸೀಟು ಬಿಟ್ಟು ಏಳಲಿಲ್ಲ. ತಿರುಗಲೂ ಇಲ್ಲ. ಕನ್ನಡಿಯಲ್ಲಿ ನೋಡುತ್ತ ಕೇಳಿದರು:

"ಮನ್ಯಾಗ ಹಿರ್ಯಾರು ಯಾವತ್ತ ಇರತಾರ್ರಿ?"

"ರವಿವಾರ."

ಜನವರಿ 26, ರವಿವಾರ. ಮಧ್ಯಾಹ್ನ

ಬಂದಿದ್ದರು. ಬಿಳಿ ಅಂಗಿ. ಖಾಕಿ ಇಲ್ಲದೆ ಬೇರೆಯವರ ಹಾಗೆ ಕಂಡರು. ಶೀತಲ್ ಝಂಡಾ ವಂದನೆ ಮುಗಿಸಿ ಆಗಷ್ಟೇ ಬಂದಿದ್ದಳು, ಗೋಡೆಗೆ ಒರಗಿ ನಿಂತಳು. ಅತ್ತೆ ಚಾಪೆ ಹಾಸಿ "ಕುಂಡ್ರಪಾ" ಅಂದರು. ಬಹಳ ಹೊತ್ತು ಮಳೆ, ಕಡಲೆ ಬೆಳೆಯ ಮಾತು. ಆಮೇಲೆ ಅತ್ತೆ ಗೋಡೆ ತೋರಿಸಿದರು.

"ನೋಡಪಾ, ನನ್ನ ಮಗನ ಫೋಟೋ ಅಲ್ಲೇ ಇರತೈತಿ."

"ಇರಲಿರಿ ಯವ್ವಾ. ಮದಲ ಹತ್ತಿದವರ ಸೀಟು ಯಾರೂ ಬಿಡಸಾಂಗಿಲ್ಲ."

ಅತ್ತೆ ಒಳಗೆ ಹೋಗಿ ಬಂದರು. ಶಿವಲಿಂಗ ಅವರ ಮುಂದೆ ತಾಟಿನಲ್ಲಿ ಒಂದು ಶೇಂಗಾ ಹೋಳಿಗೆ ಇಟ್ಟರು. ತಡೆದು, ಇನ್ನೊಂದು ಇಟ್ಟರು.

"ನೀ ಏನಂತಿ, ನಂದಾ?"

"ಹೂಂ ಅತ್ತಿ."

ಕಥೆಯಲ್ಲಾಗಿದ್ದರೆ ಇದಕ್ಕಿಂತ ಚೆಂದದ ಮಾತು ಬರೆಯುತ್ತಿದ್ದೆ. ಬಂದದ್ದು ಇಷ್ಟೇ. ತಲೆ ಎತ್ತುವಷ್ಟರಲ್ಲಿ ಗೋಡೆಯ ಹತ್ತಿರ ಶೀತಲ್ ಇರಲಿಲ್ಲ. ಕೋಣೆಯ ಕದ ಹಾಕಿತ್ತು.

ಮಾರ್ಚ್ 2, ರವಿವಾರ. ಬೆಳಿಗ್ಗೆ 8

ಗುರುವಾರ ಸವದತ್ತಿಯಲ್ಲಿ ರಿಜಿಸ್ಟರ್ ಮದುವೆ. ಸಹಿಗೆ ವಿರೂಪಾಕ್ಷ ಸರ್ ಬರುತ್ತಾರೆ. ಶೀತಲ್ ಬೇಡ ಅಂದಿಲ್ಲ, ಬೇಕು ಅಂತಲೂ ಇಲ್ಲ. ಶಿವಲಿಂಗ ಅವರು ಈಗ ರಾಮದುರ್ಗ ಡಿಪೋ, ರವಿವಾರ ಇಲ್ಲಿಗೆ ಬರುತ್ತಾರೆ; ಒಂದು ತಿಂಗಳಿಂದ ಅವರ ಜೊತೆ ಅವಳು ನೇರವಾಗಿ ಒಂದು ಮಾತೂ ಆಡಿಲ್ಲ. ನನ್ನೆದುರು 'ಅವರು' ಅನ್ನುತ್ತಾಳೆ, ಅಷ್ಟೇ. ಅವರೂ ಒತ್ತಾಯ ಮಾಡಿಲ್ಲ.

ಈಗ ಇಬ್ಬರೂ ಅಂಗಳದಲ್ಲಿದ್ದಾರೆ. ಅವಳ ಸೈಕಲ್ ಚೈನು ಬಿಚ್ಚಿದೆ. ನಾನು ಕಿಟಕಿಯ ಬಳಿ. ಬೇವಿನ ಚಿಗುರಿನ ಮೂಲಕ ಬಿಸಿಲು ಹಸಿರಾಗಿ ಬಿದ್ದಿದೆ, ಇಬ್ಬರ ಮೇಲೂ.

"ಪಾನಾ ಐತೇನವಾ?" ಅಂದರು. ಸ್ಪ್ಯಾನರ್ ತಂದು ಕೊಟ್ಟಳು. ಚೈನು ಕೂತಿತು. ಚಕ್ರ ತಿರುಗಿಸಿ ನೋಡಿ, ಕರೀ ಕೈ ಎತ್ತಿ ಹಿಡಿದುಕೊಂಡೇ ಎದ್ದರು. ಬಾಗಿಲು ಮುಟ್ಟಿದರೆ ಕಲೆಯಾಗುತ್ತದೆ ಅಂತ ಅಲ್ಲೇ ನಿಂತಿದ್ದಾರೆ. ಅವಳು ಬಕೆಟ್ಟಿನ ನೀರು, ಸಾಬೂನು ತಂದಿಟ್ಟಳು. ತಂಬಿಗೆ ಕೈಯಲ್ಲಿ. ನೀರು ಹಾಕುತ್ತಿದ್ದಾಳೆ.

"ಇನ್ನೂ ಹೋಗಿಲ್ಲ, ತಿಕ್ರಿ," ಅಂದಳು. ಆಮೇಲೆ, ಸ್ವಲ್ಪ ತಡೆದು, ಇನ್ನೊಂದು ಶಬ್ದ. ಕಾಕಾ ಅಂತಲ್ಲ. ಆರು ವರ್ಷದಿಂದ ಅವಳು ಯಾರನ್ನೂ ಹಾಗೆ ಕರೆದಿರಲಿಲ್ಲ. ಅವರು ಕೈ ಒಡ್ಡಿದವರು ಹಾಗೇ ನಿಂತುಬಿಟ್ಟಿದ್ದಾರೆ. ನೀರು ಬೀಳುತ್ತಲೇ ಇದೆ. ನಾನು ಕೇಳಿದ್ದು ಸರಿಯಿದ್ದರೆ, ಅವಳು ಅಂದದ್ದು —